ನಾವು ಹೊರಟರೆ ಮನೆ ಯಾರು ನೋಡಬೇಕು?

ಗಂಡಸರು ಪ್ರವಾಸ ಹೊರಟರೆ ಜನ ಕೇಳುವ ಮೊದಲನೆಯ ಪ್ರಶ್ನೆ "ಎಲ್ಲಿಗೆ?" ಹೆಂಗಸರು ಹೊರಟರೆ ಮೊದಲನೆಯದು "ಯಾರ ಜೊತೆ?" ಎರಡನೆಯದು "ಮನೆ ಕಡೆ ಯಾರು ನೋಡ್ಕೋತಾರೆ?" ಎಲ್ಲಿಗೆ ಎಂಬುದು ಬರುವುದು ಆಮೇಲೆ. ಅಷ್ಟು ಹೊತ್ತಿಗೆ ನಮ್ಮ ಉತ್ಸಾಹ ಅರ್ಧ ಇಳಿದುಹೋಗಿರುತ್ತದೆ. ಹೌದೋ ಅಲ್ಲವೋ, ನೀವೇ ಹೇಳಿ!

ಯಾವ ಊರಿನಲ್ಲಿ ಏನು ನೋಡಬೇಕು, ಎಷ್ಟು ದೂರ, ಎಲ್ಲಿ ಇಳಿದುಕೊಳ್ಳಬೇಕು ಎಂಬುದನ್ನೆಲ್ಲ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಮಾತ್ರ ಅವುಗಳಲ್ಲಿ ಸಿಗುವುದಿಲ್ಲ. ನಮಗೆ ನಾವೇ ಒಂದು ಉತ್ತರ ಕಂಡುಕೊಂಡಿದ್ದೇವೆ. ಅದನ್ನೂ, ಜೊತೆಗೆ ಇಷ್ಟು ವರ್ಷ ಓಡಾಡಿ ಕಲಿತ ಕೆಲವು ಸಣ್ಣಪುಟ್ಟ ಉಪಾಯಗಳನ್ನೂ ನಿಮ್ಮ ಮುಂದಿಡೋಣ ಅಂತ ಈ ಬರಹ.

ನಮ್ಮ ಊರು ತುಮಕೂರು. 2012ರಿಂದ ನಾವು ನಾಲ್ವರು ಹೆಂಗಸರು ಸೇರಿ ವರ್ಷಕ್ಕೆ ಒಂದೆರಡು ಸಲ ಹೊರಡುತ್ತೇವೆ. ನಾನು, ನನ್ನ ಓರಗಿತ್ತಿ, ಎದುರು ಮನೆಯ ನಿವೃತ್ತ ಟೀಚರಮ್ಮ, ಹಿಂದಿನ ಬೀದಿಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರುವ ಅಕ್ಕ. ಐವತ್ತು ದಾಟದವರು ನಮ್ಮಲ್ಲಿ ಯಾರೂ ಇಲ್ಲ. ಮಂಡಿನೋವು ಇಲ್ಲದವರಂತೂ ಇಲ್ಲವೇ ಇಲ್ಲ. ಆದರೂ ಹೊರಡುತ್ತೇವೆ.

ಮೊದಲೆರಡು ವರ್ಷ ನಾಲ್ವರೂ ಒಟ್ಟಿಗೇ ಹೋಗಿ ಬಂದೆವು. 2014ರಲ್ಲಿ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆದರೂ ಅವರು ಮತ್ತೆ ಮೊದಲಿನಂತೆ ಎದ್ದು ಓಡಾಡಲಿಲ್ಲ. ಏಳು ವರ್ಷ ಹಾಸಿಗೆಯಲ್ಲೇ. ನಾನು, ಓರಗಿತ್ತಿ ಒಂದೇ ಕಾಂಪೌಂಡಿನಲ್ಲಿರುವವರು. ಬೆಳಗಿನದು ಅವಳು, ರಾತ್ರಿಯದು ನಾನು ಎಂದು ಹಂಚಿಕೊಂಡೆವು. ಗಂಡುಮಕ್ಕಳು ಡಾಕ್ಟರು, ಔಷಧಿ, ದುಡ್ಡು ನೋಡಿಕೊಂಡರು, ಇಲ್ಲವೆನ್ನುವುದಿಲ್ಲ. ಆದರೆ ಮೈ ಒರೆಸುವುದು, ಬಟ್ಟೆ ಬದಲಾಯಿಸುವುದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಯಾರ ಪಾಲಿಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

"ಇನ್ನು ನಮ್ಮ ತಿರುಗಾಟ ಮುಗೀತು ಬಿಡಿ" ಅಂದೆ ನಾನು ಟೀಚರಮ್ಮನಿಗೆ. ಅವರು ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. "ಯಾಕ್ರೀ ಮುಗೀಬೇಕು? ನಾಲ್ಕರಲ್ಲಿ ಒಂದು ಕಳೆದರೆ ಮೂರು ಉಳಿಯೋದಿಲ್ವಾ?" ಅಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಸರದಿ. ಮೂವರು ಹೋಗುವುದು, ಒಬ್ಬರು ಉಳಿಯುವುದು. ಉಳಿದವರ ಕೆಲಸ ನಾಲ್ಕೂ ಮನೆ ನೋಡಿಕೊಳ್ಳುವುದು. ಟೀಚರಮ್ಮನ ಯಜಮಾನರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಹಪ್ಪಳದ ಅಕ್ಕನ ಮನೆಗೆ ಬರುವ ಗಿರಾಕಿಗಳಿಗೆ ಪೊಟ್ಟಣ ಕೊಟ್ಟು ಚೀಟಿ ಬರೆದಿಡಬೇಕು. ನಮ್ಮ ಮನೆಯಲ್ಲಿ ಅತ್ತೆಯವರು. ಅದಕ್ಕೇ ಆ ಏಳು ವರ್ಷ ಉಳಿಯುವ ಸರದಿ ನನ್ನದು ಇಲ್ಲವೇ ಓರಗಿತ್ತಿಯದು. ಉಳಿದ ಮನೆಗಳ ಕೆಲಸಕ್ಕೆ ಗಂಡಸರನ್ನೂ ಸೇರಿಸಿಕೊಂಡೆವು. ನಮ್ಮ ಯಜಮಾನರು ಟೀಚರಮ್ಮನ ಮನೆಗೆ ಊಟದ ಕ್ಯಾರಿಯರ್ ಹಿಡಿದುಕೊಂಡು ಹೋಗಿದ್ದಾರೆ ಎಂದರೆ ನಂಬುತ್ತೀರಾ? ಹೋಗಿದ್ದಾರೆ!

ಒಬ್ಬ ಹೆಂಗಸಿಗೆ ಪ್ರವಾಸ ಹೊರಡಲು ಬೇಕಾದದ್ದು ದುಡ್ಡಿಗಿಂತ ಮೊದಲು ಇನ್ನೊಬ್ಬ ಹೆಂಗಸಿನ ಬಿಡುವು ಎಂಬುದು ನನ್ನ ಅನುಭವ. ಆ ಬಿಡುವನ್ನು ಸಾಲ ತೆಗೆದುಕೊಳ್ಳಿ, ತಪ್ಪದೆ ತೀರಿಸಿ. ಸಾಲವೆಂದು ಬಾಯಿಬಿಟ್ಟು ಹೇಳಿಕೊಂಡರೆ ಮುಜುಗರವೂ ಇಲ್ಲ. ಮಗಳನ್ನೋ ಸೊಸೆಯನ್ನೋ ಸುಮ್ಮನೆ ಕೂರಿಸಿ ಹೋದರೆ ಅದು ಅವಳ ಪ್ರವಾಸಕ್ಕೆ ಕತ್ತರಿ ಹಾಕಿದಂತೆ. ಅದು ಲೆಕ್ಕವಲ್ಲ.

ಈಗ ಎರಡನೆಯ ವಿಷಯ. ಇದನ್ನು ಬರೆಯಲು ನಾಚಿಕೆ ಪಡುವ ಕಾಲ ಹೋಯಿತು. ಪ್ರಯಾಣದ ದಿನ ಬೆಳಗ್ಗೆಯಿಂದ ನೀರು ಕುಡಿಯದೆ ಕೂರುವ ಹೆಂಗಸರು ನಮ್ಮಲ್ಲಿ ಎಷ್ಟು ಜನ! ದಾರಿಯಲ್ಲಿ ಬಚ್ಚಲು ಸಿಗುವುದಿಲ್ಲ, ಸಿಕ್ಕರೆ ಕಾಲಿಡುವಂತಿರುವುದಿಲ್ಲ, ಅದಕ್ಕೇ ಕುಡಿಯುವುದೇ ಬೇಡ ಅಂತ. ಹಪ್ಪಳದ ಅಕ್ಕ ಹೀಗೆ ಮಾಡಿಯೇ ಒಮ್ಮೆ ಉರಿಮೂತ್ರ ಬಂದು, ಜ್ವರ ಹತ್ತಿ, ವಾರವಿಡೀ ಮಲಗಿದರು. ನೀರು ಕುಡಿಯದೆ ತಡೆದುಕೊಳ್ಳುವುದು ಸೋಂಕಿಗೆ ದಾರಿ. ವಯಸ್ಸಾದಂತೆ ಇನ್ನೂ ಸುಲಭದ ದಾರಿ.

ಆಮೇಲೆ ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು. ಮೂರು ಗಂಟೆಗಿಂತ ದೂರದ ದಾರಿಯಾದರೆ ರೈಲು, ಒಳಗಿನದಾದರೆ ಬಸ್ಸು. ರೈಲಿನ ಬಚ್ಚಲು ಅರಮನೆಯದಲ್ಲ, ಆದರೆ ಇದೆ! ಬಸ್ಸಿನಲ್ಲಾದರೆ ಹತ್ತುವಾಗಲೇ ಕಂಡಕ್ಟರಿಗೆ "ಮುಂದೆ ಎಲ್ಲಿ ನಿಲ್ಲಿಸ್ತೀರಪ್ಪ? ಅಲ್ಲಿ ಹೆಂಗಸರಿಗೆ ವ್ಯವಸ್ಥೆ ಇದೆಯಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿಬಿಡಿ. ಬಸ್ಸಿನಲ್ಲಿರುವ ಹತ್ತು ಹೆಂಗಸರು ನಿಮ್ಮನ್ನು ಮನಸ್ಸಿನಲ್ಲೇ ಹರಸುತ್ತಾರೆ. ಕೈಚೀಲದಲ್ಲಿ ಒಂದು ತುಂಡು ಸೋಪು, ಹಳೆಯ ಕಾಟನ್ ಸೀರೆಯಿಂದ ಹರಿದ ಬಟ್ಟೆಚೂರುಗಳು, ಐದು ಹತ್ತು ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಉಳಿದ ಅರ್ಧ ಸೀರೆಯನ್ನೂ ಎಸೆಯಬೇಡಿ. ರೈಲಿನಲ್ಲಿ ಹಾಸಲು, ಹೊದೆಯಲು, ಮರೆ ಹಿಡಿಯಲು, ತಲೆಗೆ ಸುತ್ತಲು ಅದೇ. ಅಂಗಡಿಯಲ್ಲಿ ಸಿಗುವ ಪ್ರವಾಸದ ಸಾಮಾನುಗಳಲ್ಲಿ ಇಷ್ಟು ಉಪಯೋಗದ್ದು ನಾನು ಕಂಡಿಲ್ಲ.

ರೈಲಿನ ಮಾತು ಬಂತು, ಹೇಳಿಬಿಡುತ್ತೇನೆ. ಹಿರಿಯ ಹೆಂಗಸರಿಗೆ ಟಿಕೆಟ್ಟಿನಲ್ಲಿ ಅರ್ಧ ರಿಯಾಯಿತಿ ಇತ್ತಲ್ಲ, ಅದು 2020ರ ಮಾರ್ಚಿಯಲ್ಲಿ ನಿಂತುಹೋಯಿತು. ಅದರ ಮೇಲೆ ಲೆಕ್ಕ ಹಾಕಬೇಡಿ. ಆದರೆ ಕೆಳಗಿನ ಬರ್ತಿನ ಕೋಟಾ ಇದೆ. 45 ವರ್ಷ ತುಂಬಿದ ಹೆಂಗಸರು ಒಬ್ಬರೇ ಅಥವಾ ಇಬ್ಬರು ಹೊರಟಾಗ ಅದನ್ನು ಕೇಳಬಹುದು. ಮೂವರನ್ನೂ ಒಂದೇ ಟಿಕೆಟ್ಟಿನಲ್ಲಿ ಸೇರಿಸಿದರೆ ಆ ಕೋಟಾ ಕೈತಪ್ಪುತ್ತದೆ. ನಾವು ಇಬ್ಬರದ್ದೊಂದು, ಒಬ್ಬರದ್ದೊಂದು ಎಂದು ಬೇರೆ ಬೇರೆ ಮಾಡಿಸುತ್ತೇವೆ. ಮಂಡಿನೋವಿನವರು ಮೇಲಿನ ಬರ್ತಿಗೆ ಹತ್ತುವ ಸಂಕಟ ನಿಮಗೆ ಗೊತ್ತಿಲ್ಲದ್ದೇನಲ್ಲ. 2024ರ ನವೆಂಬರಿನಿಂದ ಮುಂಗಡ ಕಾದಿರಿಸುವುದು ಪ್ರಯಾಣಕ್ಕೆ 60 ದಿನ ಮೊದಲು ಶುರುವಾಗುತ್ತದೆ. ಮೊದಲು 120 ದಿನವಿತ್ತು.

ಇನ್ನೊಂದು ಸಂಗತಿ. 1989ರ ರೈಲ್ವೆ ಕಾಯ್ದೆಯಲ್ಲಿ ಗಂಡಸರ ಜೊತೆಯಿಲ್ಲದ ಹೆಂಗಸರಿಗಾಗಿಯೇ ಒಂದು ಕಲಮು ಇದೆ. ಅವಳ ಹತ್ತಿರ ಟಿಕೆಟ್ ಇಲ್ಲದಿದ್ದರೂ ರಾತ್ರಿ ಹೊತ್ತು ಸಿಕ್ಕ ಸ್ಟೇಷನ್ನಿನಲ್ಲಿ ಇಳಿಸಿ ಹೋಗುವಂತಿಲ್ಲ. ಇಳಿಸುವುದಾದರೆ ಹಗಲಿನಲ್ಲಿ, ಅದೂ ಅವಳು ಹತ್ತಿದ ಸ್ಟೇಷನ್, ಜಂಕ್ಷನ್, ರೈಲಿನ ಕೊನೆಯ ಸ್ಟೇಷನ್ ಅಥವಾ ಜಿಲ್ಲಾ ಕೇಂದ್ರದಲ್ಲಿ. ಹಾಗೆಂದು ಟಿಕೆಟ್ ಇಲ್ಲದೆ ಹತ್ತಬೇಡಿ ಮತ್ತೆ! ಪರ್ಸು ಕಳೆದುಹೋಗಿ, ಟಿ.ಟಿ. ಬಂದು ಗದರಿಸಿದಾಗ ಹೇಳಲು ಒಂದು ಮಾತಿರಲಿ ಎಂದು ಬರೆದೆ. ರೈಲಿನಲ್ಲಿ ತೊಂದರೆಯಾದರೆ 139, ಉಳಿದೆಲ್ಲ ಕಡೆ 112. ಈ ನಂಬರುಗಳನ್ನು, ಮನೆಯವರ ನಂಬರುಗಳನ್ನು, ದಿನಾ ನುಂಗುವ ಮಾತ್ರೆಗಳ ಹೆಸರನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲು ಸತ್ತ ದಿನ ನಮ್ಮ ಮಗನ ನಂಬರೂ ನಮಗೆ ನೆನಪಿರುವುದಿಲ್ಲ, ನೋಡಿ ಬೇಕಾದರೆ.

ಬಸ್ಸಿನ ಕಥೆ ಈಗ ಬೇರೆಯೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ರಾಜಹಂಸ, ಐರಾವತ, ಸ್ಲೀಪರ್ ಇವುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು, ಶೂನ್ಯ ದರದ ಟಿಕೆಟ್ಟನ್ನು ಕೇಳಿ ಪಡೆಯಬೇಕು. ಸೀಟಿಗೆ ನೂಕುನುಗ್ಗಲು ಇದೆ, ನಿಜ. ಶನಿವಾರ ಭಾನುವಾರ ಬಿಟ್ಟು ಮಂಗಳವಾರ ಬುಧವಾರ ಹೊರಡಿ. ದೇವಸ್ಥಾನಗಳಲ್ಲೂ ಅವತ್ತು ಸರದಿ ಸಾಲು ಚಿಕ್ಕದು. "ಬಿಟ್ಟಿ ಬಸ್ಸು ಅಂತ ತಿರುಗ್ತಾರೆ" ಎಂದು ಗೊಣಗುವವರ ಮಾತು ಕಿವಿಗೆ ಬೀಳುತ್ತದೆ. ಹಪ್ಪಳದ ಅಕ್ಕನ ಉತ್ತರ ಇದು: "ಐವತ್ತು ವರ್ಷ ಬಿಟ್ಟಿ ಅಡುಗೆ ಮಾಡಿದ್ದಕ್ಕೆ ಯಾರೂ ಗೊಣಗಲಿಲ್ಲವಲ್ಲ ಸ್ವಾಮಿ!"

ಈ ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಕಾಶಿಗೆ ಹೋಗುತ್ತೇನೆ ಅಂದರೆ ಅವರ ಬಂಧುಗಳೇ ದುಡ್ಡು ಕೊಟ್ಟು ಕಳಿಸಿಯಾರು. ಹಂಪಿ ನೋಡುತ್ತೇನೆ ಅಂದರೆ ಮುಖ ಬೇರೆಯಾಗುತ್ತದೆ. ಗಂಡ ಹೋದವಳಿಗೆ ಯಾತ್ರೆ ಒಪ್ಪುತ್ತದಂತೆ, ಪ್ರವಾಸ ಒಪ್ಪುವುದಿಲ್ಲವಂತೆ. ಮೊದಮೊದಲು ಅವರು ಪ್ರತಿ ಊರಿಗೂ ಒಂದು ದೇವರ ಹೆಸರು ಹುಡುಕಿ ಹೇಳುತ್ತಿದ್ದರು. ಹಂಪಿಗೆ ಹೋದದ್ದು ವಿರೂಪಾಕ್ಷನ ಹರಕೆಗೆ! ಈಗ ಹೇಳುವುದನ್ನು ಬಿಟ್ಟಿದ್ದಾರೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದವರೆಗೆ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ನಾವು ಹೋದಾಗ ಅದನ್ನು ಓಡಿಸುತ್ತಿದ್ದವಳು ಇಪ್ಪತ್ತೈದರ ಹುಡುಗಿ. ಅಕ್ಕ ಕಲ್ಲಿನ ರಥವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಕೈಯನ್ನೇ ನೋಡುತ್ತಿದ್ದರು.

ದುಡ್ಡಿನ ಏರ್ಪಾಡು ಹೀಗೆ. ತಿಂಗಳಿಗೆ ತಲಾ 500 ರೂಪಾಯಿ ಒಂದು ಡಬ್ಬಿಗೆ. ಖಜಾಂಚಿ ಓರಗಿತ್ತಿ. ಪ್ರವಾಸದಲ್ಲಿ ರೂಮು, ಊಟ, ಆಟೋ ಈ ಡಬ್ಬಿಯಿಂದ. ಸೀರೆ, ಬಳೆ, ಮಕ್ಕಳಿಗೆ ತರುವ ಸಾಮಾನು ಅವರವರದ್ದು. ಇದರಿಂದ ಯಾರ ಮನೆಯಲ್ಲೂ ಹೊರಡುವ ಹೊತ್ತಿಗೆ ಕೈಚಾಚುವ ಪ್ರಮೇಯ ಬರುವುದಿಲ್ಲ. ನಗದನ್ನು ಮೂರು ಕಡೆ ಹಂಚಿ ಇಡಿ. ಮೊಬೈಲಿನಲ್ಲಿ ದುಡ್ಡು ಕೊಡುವುದನ್ನು ಮನೆಯಲ್ಲಿರುವಾಗಲೇ ತರಕಾರಿ ಗಾಡಿಯವನ ಹತ್ತಿರ ಅಭ್ಯಾಸ ಮಾಡಿ. ಗುಟ್ಟಿನ ನಂಬರು ನಿಮ್ಮ ತಲೆಯಲ್ಲಿರಲಿ, ಮಗನ ತಲೆಯಲ್ಲಲ್ಲ.

ಇಳಿದುಕೊಳ್ಳುವ ಜಾಗಕ್ಕೆ ಬೆಳಕಿರುವಾಗಲೇ ಸೇರಿಕೊಳ್ಳಿ. ಕತ್ತಲಾದ ಮೇಲೆ ರೂಮು ಹುಡುಕುವವರಿಗೆ ಆರಿಸುವ ಅವಕಾಶವಿರುವುದಿಲ್ಲ. ಕೊಟ್ಟದ್ದೇ ರೂಮು, ಹೇಳಿದ್ದೇ ಬಾಡಿಗೆ. ದುಡ್ಡು ಕೊಡುವ ಮೊದಲು ಚಿಲಕ ಹಾಕಿ ನೋಡಿ, ಬಚ್ಚಲಿನ ಕಿಟಕಿ ನೋಡಿ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ಬಾದಾಮಿ, ಹಂಪಿ ಹತ್ತಿರದ ಕಮಲಾಪುರ, ಬೇಲೂರು ಮುಂತಾದ ಕಡೆ ಇವೆ. ಮೊದಲೇ ಕಾದಿರಿಸಬಹುದು. ಕ್ಷೇತ್ರಗಳ ಛತ್ರಗಳು ಅಗ್ಗ, ಊಟವೂ ಸಿಗುತ್ತದೆ. ಆದರೆ ಒಬ್ಬೊಬ್ಬರೇ ಹೋದರೆ ಎಷ್ಟೋ ಕಡೆ ರೂಮು ಕೊಡುವುದಿಲ್ಲ. ಒಂದು ಊರಿನ ಛತ್ರದಲ್ಲಿ ಮೂವರಿದ್ದರೂ ಗುಮಾಸ್ತ ಪುಸ್ತಕ ಮುಚ್ಚಿ "ಜೊತೆಗೆ ಗಂಡಸರು ಯಾರಿದ್ದಾರೆ?" ಎಂದು ಕೇಳಿದ. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು, "ಯಾಕಪ್ಪಾ, ಏನಾದರೂ ಭಾರ ಎತ್ತಬೇಕಾಗಿದೆಯಾ? ಹೇಳು, ನಾವೇ ಎತ್ತುತ್ತೇವೆ" ಅಂದರು. ಪುಸ್ತಕ ತೆರೆಯಿತು.

ಬುತ್ತಿಯ ವಿಷಯ ಹೇಳದಿದ್ದರೆ ಈ ಪತ್ರಿಕೆಯ ಓದುಗರು ಸುಮ್ಮನಿರುತ್ತಾರೆಯೇ? ಮೊದಲನೆಯ ದಿನಕ್ಕೆ ಮೊಸರನ್ನ. ಅನ್ನ ಬಿಸಿಯಿರುವಾಗಲೇ ಚೆನ್ನಾಗಿ ಮಿದ್ದು, ಕಾಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಮೊಸರು ಒಂದೇ ಚಮಚ ಬೆರೆಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗುವುದಿಲ್ಲ. ಎರಡನೆಯ ದಿನದಿಂದ ಪುಳಿಯೋಗರೆ ಗೊಜ್ಜು ಕಾಪಾಡುತ್ತದೆ. ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿಯನ್ನು ಒಗ್ಗರಣೆಗೆ ಹಾಕಿ, ಎಣ್ಣೆ ಮೇಲೆ ತೇಲುವವರೆಗೆ ಕುದಿಸಬೇಕು. ಹುರಿದ ಎಳ್ಳು, ಒಣಕೊಬ್ಬರಿ, ಚಿಟಿಕೆ ಮೆಂತ್ಯದ ಪುಡಿ ಕೊನೆಯಲ್ಲಿ. ಆರಿದ ಮೇಲೆ ಒಣಗಿದ ಬಾಟಲಿಗೆ ತುಂಬಿ, ನೀರಿನ ಕೈ ತಾಗಿಸಬೇಡಿ. ಹೋಟೆಲಿನಲ್ಲಿ ಬರೀ ಅನ್ನ ತರಿಸಿ ಕಲಸಿಕೊಳ್ಳಬಹುದು. ಅನ್ನವೂ ಸಿಗದ ಕಡೆ ಗಟ್ಟಿ ಅವಲಕ್ಕಿ ನೆನೆಸಿ ಇದೇ ಗೊಜ್ಜು ಹಾಕಿದರೆ ಊಟವಾಯಿತು. ಟೀಚರಮ್ಮನಿಗೆ ಮಾತ್ರ ಗೊಜ್ಜಿನಲ್ಲಿ ಕಡಲೆಕಾಯಿ ಬೀಜ ಮೆತ್ತಗಾಗುತ್ತದೆ ಎಂದು ಕೋಪ. ಅವರು ಬೀಜವನ್ನು ಬೇರೆ ಪೊಟ್ಟಣದಲ್ಲಿ ತರುತ್ತಾರೆ.

ಇನ್ನು ಊರುಗಳು. ಮನೆಯವರಿಲ್ಲದೆ ಎಂದೂ ಹೊರಡದವರು ಮೊದಲ ಸಲ ಬೆಳಗ್ಗೆ ಹೋಗಿ ಸಂಜೆಗೆ ಬರುವ ಊರನ್ನು ಆರಿಸಿಕೊಳ್ಳಿ. ನಾವು ಶುರುಮಾಡಿದ್ದು ಶ್ರವಣಬೆಳಗೊಳದಿಂದ. 58 ಅಡಿಯ ಗೊಮ್ಮಟನನ್ನು ನೋಡಲು ಬಿಸಿಲೇರುವ ಮುಂಚೆ ಬೆಟ್ಟ ಹತ್ತಬೇಕು. ಬರಿಗಾಲಲ್ಲಿ ಹತ್ತಬೇಕಾದ್ದರಿಂದ ದಪ್ಪನೆಯ ಕಾಲುಚೀಲ ತೆಗೆದುಕೊಂಡು ಹೋಗಿ, ಇಳಿಯುವಾಗ ಬಂಡೆ ಕಾದಿರುತ್ತದೆ. ಮೇಲೆ ಗುಳ್ಳಕಾಯಜ್ಜಿಯ ವಿಗ್ರಹವನ್ನು ತಪ್ಪದೆ ನೋಡಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಪಾದದವರೆಗೆ ಇಳಿಯದ ಅಭಿಷೇಕ, ಒಬ್ಬ ಮುದುಕಿಯ ಪುಟ್ಟ ಬಟ್ಟಲಿನ ಹಾಲಿನಿಂದ ಪೂರ್ತಿಯಾಯಿತೆಂದು ಕಥೆ. ಎದುರಿನ ಚಿಕ್ಕಬೆಟ್ಟದಲ್ಲಿ ಹೊಯ್ಸಳ ರಾಣಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆ. ಹೆಸರು ನೋಡಿ ಹೇಗಿದೆ! ಸವತಿಯರ ಪಾಲಿಗೆ ಮದ್ದಾನೆಯಂಥವಳು ಎಂಬುದು ಅವಳ ಬಿರುದು. ನಮ್ಮ ಓರಗಿತ್ತಿ ಇದನ್ನು ಕೇಳಿ, "ಅಕ್ಕಾ, ಆ ಕಾಲದಲ್ಲೂ ಇದೇ ಗೋಳಾ?" ಅಂದಳು.

ಶೃಂಗೇರಿ, ಹೊರನಾಡು ಎಲ್ಲರೂ ಬಲ್ಲ ದಾರಿ, ಹೆಚ್ಚು ಬರೆಯುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಹೋದರೆ ತುಂಗೆ ತುಂಬಿರುತ್ತದೆ, ಹಾದಿ ಹಸಿರಾಗಿರುತ್ತದೆ. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರು ಹಸಿಶುಂಠಿ ಚೂರನ್ನು ಬಾಯಲ್ಲಿಟ್ಟುಕೊಳ್ಳಿ, ಮುಂದಿನ ಸೀಟು ಹಿಡಿಯಿರಿ.

ಗೋಕರ್ಣಕ್ಕೆ ಓರಗಿತ್ತಿ ಹೋದದ್ದು 2016ರಲ್ಲಿ. ಆ ಸಲ ಉಳಿದವಳು ನಾನು. ನಮ್ಮ ಅತ್ತೆಯವರು ಸಮುದ್ರವನ್ನೇ ನೋಡಿರಲಿಲ್ಲ. ಎಂಬತ್ತು ದಾಟಿದ್ದರೂ ಅವರು ಕಂಡಿದ್ದ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆ. ಮಾವನವರು ಕರೆದುಕೊಂಡು ಹೋಗುತ್ತೇನೆಂದು ಹೇಳುತ್ತಲೇ ಇದ್ದರಂತೆ, ಆಗಲಿಲ್ಲ. ನಾವು ಎಲ್ಲಿಗೆ ಹೋಗಿಬಂದರೂ ಅವರ ಮಂಚದ ಪಕ್ಕ ಕುಳಿತು ಎಲ್ಲ ಒಪ್ಪಿಸಬೇಕಾಗಿತ್ತು. ಯಾವ ಸೀಟು ಸಿಕ್ಕಿತು, ಪಕ್ಕದಲ್ಲಿ ಯಾರಿದ್ದರು, ಪಲ್ಯಕ್ಕೆ ಏನು ಹಾಕಿದ್ದರು. ದೇವರ ಅಲಂಕಾರಕ್ಕಿಂತ ಅವರಿಗೆ ಇವೇ ಬೇಕು. ಓರಗಿತ್ತಿ ಆ ಸಲ ಒಂದು ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡು ಬಂದಿದ್ದಳು. ಅತ್ತೆಯವರು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಕಿವುಚಿ, "ಇದೇನೇ, ಮಾವಿನಕಾಯಿ ಉಪ್ಪಿಗೆ ಹಾಕೋಷ್ಟು ಉಪ್ಪಿದೆ! ಇಷ್ಟನ್ನೂ ಅಲ್ಲಿ ಯಾರು ಹಾಕಿದರೇ?" ಅಂದರು. ಅವತ್ತು ಅವರು ನಕ್ಕ ಹಾಗೆ ಆ ಏಳು ವರ್ಷದಲ್ಲಿ ಮತ್ತೆ ನಕ್ಕದ್ದು ನನಗೆ ನೆನಪಿಲ್ಲ. ಬಾಟಲಿ ಬಹಳ ದಿನ ಅವರ ತಲೆದೆಸೆಯಲ್ಲೇ ಇತ್ತು.

ಅತ್ತೆಯವರು 2021ರಲ್ಲಿ ಹೋಗಿಬಿಟ್ಟರು. ವರ್ಷದ ಕಾರ್ಯಗಳೆಲ್ಲ ಮುಗಿದ ಮೇಲೆ, 2022ರ ನವೆಂಬರಿನಲ್ಲಿ ಬಾದಾಮಿಗೆ ಹೊರಟೆವು. ಈ ಸಲ ಹಪ್ಪಳದ ಅಕ್ಕ ತಾವಾಗಿಯೇ, "ನಾನು ಉಳೀತೀನಿ, ನೀವಿಬ್ಬರೂ ಹೋಗಿ" ಅಂದರು. ಎಂಟು ವರ್ಷದ ಮೇಲೆ ನಾನೂ ಓರಗಿತ್ತಿಯೂ ಒಂದೇ ರೈಲು ಹತ್ತಿದೆವು. ಒಂದೇ ಕಾಂಪೌಂಡಿನಲ್ಲಿ ದಿನಾ ಮುಖ ನೋಡುವವರು, ಆದರೆ ಇಬ್ಬರಿಗೂ ಏನು ಮಾತಾಡಬೇಕೆಂದೇ ತೋಚಲಿಲ್ಲ. ಅಷ್ಟು ವರ್ಷ ನಮ್ಮ ಮಾತೆಲ್ಲ ಮಾತ್ರೆ ಕೊಟ್ಟೆಯಾ, ಮಗ್ಗುಲು ಬದಲಿಸಿದೆಯಾ ಎಂಬುದರಲ್ಲೇ ಕಳೆದಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಎದುರಿನ ಬರ್ತಿನಲ್ಲಿ ಅವಳೂ ಎದ್ದು ಕೂತಿದ್ದಳು. ಅದು ಮಗ್ಗುಲು ಬದಲಿಸುವ ಹೊತ್ತು. "ಅಭ್ಯಾಸ ಅಕ್ಕಾ" ಅಂದಳು. "ನನಗೂ" ಅಂದೆ.

ತುಮಕೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ಪಯಣ, ಬೆಳಗಿನ ಹೊತ್ತಿಗೆ ಬಾದಾಮಿ. ನಾವಿಳಿದಾಗ ಇನ್ನೂ ಕತ್ತಲಿತ್ತು. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರು. ಇಂಥ ಕಡೆ ಅವಸರ ಪಡದೆ ಸ್ಟೇಷನ್ನಿನಲ್ಲೇ ಬೆಳಕು ಹರಿಯುವವರೆಗೆ ಕೂತು, ಮುಖ ತೊಳೆದು, ಕಾಫಿ ಕುಡಿದು ಹೊರಡಿ. ಬಾದಾಮಿಯ ಗುಹೆಗಳು ನಾಲ್ಕು. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, 578ರ ಶಾಸನವಿದೆ. ಮೆಟ್ಟಿಲು ಹತ್ತಲಾರದವರು ಮೂರನೆಯದರವರೆಗಾದರೂ ಹೋಗಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ, ಕೋತಿಗಳು ಕಸಿದುಕೊಂಡೇ ಬಿಡುತ್ತವೆ. ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲುಗಳಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ವಾಪಸು ಬರುತ್ತದೆ. ಕೆರೆಯ ಆಚೆ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಅದರಲ್ಲಿರುವುದು ತ್ರಿಪದಿ, ನಮ್ಮ ಅಜ್ಜಿಯರು ರಾಗಿ ಬೀಸುವಾಗ ಹಾಡಿಕೊಳ್ಳುತ್ತಿದ್ದ ಅದೇ ಮೂರು ಸಾಲಿನ ಮಟ್ಟು. ಟೀಚರಮ್ಮ ಇದನ್ನು ಹೇಳಿದಾಗ ನನಗೆ ಮೈ ಜುಮ್ಮೆಂದಿತು.

ಊಟಕ್ಕೆ ಹೋಟೆಲು ಹುಡುಕಬೇಡಿ, ಐದು ಕಿಲೋಮೀಟರು ದೂರದ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಇಳಕಲ್ ಸೀರೆಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. "ಬರ್ರೀ ಅಕ್ಕಾರ, ರೊಟ್ಟಿ ಊಟ ಮಾಡ್ರೀ" ಎಂದು ಕರೆಯುತ್ತಾರೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಮ್ಮ ಕಡೆಯವರ ನಾಲಿಗೆಗೆ ಅಲ್ಲಿಯ ಕೆಂಪು ಚಟ್ನಿ ಬಹಳ ಖಾರ, ಮೊಸರಿನ ಜೊತೆ ಸ್ವಲ್ಪ ಸ್ವಲ್ಪ ಹಚ್ಚಿಕೊಳ್ಳಿ. ರೊಟ್ಟಿ ಕೊಟ್ಟಾಕೆ ನಮ್ಮನ್ನು, "ಮೂರೂ ಮಂದಿ ಅಕ್ಕತಂಗೇರೇನ್ರೀ?" ಎಂದು ಕೇಳಿದಳು. ಓರಗಿತ್ತಿ, "ಹೌದು" ಅಂದಳು. ನಾನೂ ತಿದ್ದಲಿಲ್ಲ.

ಮರುದಿನ ಪಟ್ಟದಕಲ್ಲು. ಬಾದಾಮಿಯಿಂದ ಸುಮಾರು 22 ಕಿಲೋಮೀಟರು. ಅಲ್ಲಿ ಎರಡು ದೊಡ್ಡ ದೇವಸ್ಥಾನಗಳು ಅಕ್ಕಪಕ್ಕದಲ್ಲಿವೆ, ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ. ಎಂಟನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿದವು. ಕಟ್ಟಿಸಿದ್ದು ಅವನಲ್ಲ, ಅವನ ರಾಣಿಯರು. ವಿರೂಪಾಕ್ಷವನ್ನು ಲೋಕಮಹಾದೇವಿ, ಮಲ್ಲಿಕಾರ್ಜುನವನ್ನು ಅವಳ ತಂಗಿ ತ್ರೈಲೋಕ್ಯಮಹಾದೇವಿ. ಅಕ್ಕತಂಗಿಯರಿಬ್ಬರೂ ಒಬ್ಬನನ್ನೇ ಮದುವೆಯಾದವರು. ಗುಡಿಗಳಿಗೆ ಮೊದಲು ಇದ್ದ ಹೆಸರೂ ಅವರದ್ದೇ, ಲೋಕೇಶ್ವರ, ತ್ರೈಲೋಕ್ಯೇಶ್ವರ. 1987ರಲ್ಲಿ ಯುನೆಸ್ಕೋ ಇಡೀ ಗುಂಪನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೆದ್ದವನ ಯುದ್ಧ ಈಗ ಯಾರಿಗೂ ಬೇಕಾಗಿಲ್ಲ. ವಿರೂಪಾಕ್ಷನಿಗೆ ಮಾತ್ರ ಈಗಲೂ ಪೂಜೆ ನಡೆಯುತ್ತದೆ.

ನಾವಿಬ್ಬರೂ ಆ ಎರಡು ಗುಡಿಗಳ ನಡುವಿನ ನೆರಳಿನಲ್ಲಿ ಬಹಳ ಹೊತ್ತು ಕೂತೆವು. ಟೀಚರಮ್ಮ ಒಂದೊಂದು ಕಂಬವನ್ನೂ ಓದುತ್ತಾ ಒಳಗಿದ್ದರು. ಓರಗಿತ್ತಿ ಅಂದಳು, "ಅಕ್ಕಾ, ಅತ್ತೆ ಇದ್ದಿದ್ದರೆ ಮೊದಲು ಏನು ಕೇಳುತ್ತಿದ್ದರು ಹೇಳಿ?" ನಾನಂದೆ, "ಪಲ್ಯಕ್ಕೆ ಏನು ಹಾಕಿದ್ದರು ಅಂತ." ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಏಳು ವರ್ಷ ಆ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಕೂತು ಅಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಸಮಯವಿದ್ದರೆ ಐಹೊಳೆಯನ್ನೂ ಸೇರಿಸಿಕೊಳ್ಳಿ, ಆದರೆ ಒಂದೇ ದಿನದಲ್ಲಿ ಎರಡನ್ನೂ ತುರುಕಬೇಡಿ. ಐಹೊಳೆಯ ದುರ್ಗದ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಹತ್ತಿರವಿದ್ದ ಕೋಟೆಯಿಂದ. ಬರುವಾಗ ಗುಳೇದಗುಡ್ಡದ ಖಣ ಒಂದೆರಡು ತನ್ನಿ. ಹಗುರ, ಚೀಲದಲ್ಲಿ ಜಾಗ ಹಿಡಿಯುವುದಿಲ್ಲ, ಉಳಿದವರಿಗೆ ಕೊಡಲು ಅದಕ್ಕಿಂತ ಒಳ್ಳೆಯದಿಲ್ಲ. ಮನೆ ಕಾದವರಿಗೆ ಏನೂ ತರದೆ ಬರುವಂತಿಲ್ಲ, ಅದೂ ನಮ್ಮ ಕಟ್ಟುಪಾಡಿನಲ್ಲಿ ಸೇರಿದೆ. ಅವರಿಗೆ ಕೊಡುವ ಸಾಮಾನಿಗಿಂತ ಮುಖ್ಯವಾದದ್ದು ಅವರ ಎದುರು ಕೂತು ಎಲ್ಲವನ್ನೂ ಮೊದಲಿನಿಂದ ಹೇಳುವುದು. ಸೀಟು ಯಾವುದು, ಪಕ್ಕದಲ್ಲಿ ಯಾರು, ಪಲ್ಯಕ್ಕೆ ಏನು.

ಈ ಸಲ ಉಳಿಯುವ ಸರದಿ ನನ್ನದು. ಅವರು ಮೂವರೂ ಮರವಂತೆಗೆ ಹೊರಟಿದ್ದಾರೆ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಗೊಜ್ಜಿನ ಬಾಟಲಿ ತುಂಬಿಸಿ ಕೊಟ್ಟಾಗಿದೆ, ಕಡಲೆಕಾಯಿ ಬೀಜ ಬೇರೆ ಪೊಟ್ಟಣದಲ್ಲಿದೆ. ನಾಳೆ ಬೆಳಗ್ಗೆ ಆರೂವರೆಗೆ ಟೀಚರಮ್ಮನ ಯಜಮಾನರಿಗೆ ಸಕ್ಕರೆಯಿಲ್ಲದ ಕಾಫಿ, ಎಂಟಕ್ಕೆ ಎರಡು ಇಡ್ಲಿ. ಹತ್ತು ಗಂಟೆಗೆ ಯಾರೋ ಹಪ್ಪಳಕ್ಕೆ ಬರುತ್ತಾರಂತೆ, ನೂರು ಉದ್ದಿನದು, ಐವತ್ತು ಅಕ್ಕಿಯದು. ಚೀಟಿ ಬರೆದಿಡಬೇಕು.